ಮಧ್ಯಂತರದ ಸನ್ಮಾನ

ಮೂರು ದಿನದ ಚಿತ್ರೋತ್ಸವದ ಅಧ್ಯಕ್ಷ ಚನ್ನವೀರಪ್ಪನವರು ಗುಮಾಸ್ತನ ಮುಂದೆ ಪಟ್ಟಿ ಎಸೆದರು. "ಈ ಹುಲಿಗೆಮ್ಮ ತೆಗೆದ ಸಿನಿಮಾ ಬೆಳಿಗ್ಗೆ ಎಂಟಕ್ಕೆ ಹಾಕ್ರಿ. ಹೆಣ್ಮಕ್ಕಳು ತೆಗೆದದ್ದನ್ನ ಯಾರು ನೋಡ್ತಾರ? ಸಂಜೆ ನನ್ನ ಸನ್ಮಾನ. ಸಭಾಂಗಣ ತುಂಬಿರಬೇಕು."

ಗುಮಾಸ್ತ ಆ ಸಿನಿಮಾ ನೋಡಿದ್ದ. ಅದು ಖಾಲಿ ಕುರ್ಚಿಗಳ ಮುಂದೆ ಓಡುವುದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

"ಆಗ್ಲಿ ಸರ್. ಆದ್ರೆ ಹೋದ ವರ್ಷ ನಿಮಗೆ ಶಾಲು ಹೊದಿಸೋ ಹೊತ್ತಿಗೆ ಜನ ಚಹಾಕ್ಕ ಎದ್ದು ಹೋದ್ರು. ಈ ಸಲ ಸನ್ಮಾನ ಸಿನಿಮಾದ ಮಧ್ಯಂತರದಾಗ ಇಡೋಣ. ಅರ್ಧಕ್ಕೆ ನಿಲ್ಲಿಸಿದ್ರೂ ಜನ ಏಳದಂಥ ಸಿನಿಮಾ ಬೇಕು. ಪಟ್ಟಿಯೊಳಗ ಅಂಥದ್ದು ಹುಲಿಗೆಮ್ಮಂದು ಒಂದೇ ಐತಿ."

ಅಧ್ಯಕ್ಷರು ಪೇಟ, ಹಣ್ಣಿನ ಬುಟ್ಟಿ, ತುಂಬಿದ ಸಭೆ ಎಲ್ಲವನ್ನೂ ಕಣ್ಣಮುಂದೆ ತಂದುಕೊಂಡರು. "ಹಾಕ್ರಿ ಹಂಗಾರ," ಎಂದರು.

ಸಂಜೆ ಸಿನಿಮಾದ ನಾಯಕಿ ಮಗುವನ್ನು ಹುಡುಕುತ್ತ ಬಾವಿಗೆ ಇಳಿದಳು. ಅಲ್ಲಿಗೇ ಮಧ್ಯಂತರ ಬಂತು. ಒಬ್ಬರೂ ಕುರ್ಚಿ ಬಿಡಲಿಲ್ಲ. ಸನ್ಮಾನ ಬೇಗ ಮುಗಿಯಲೆಂದು ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

"ನೋಡಿದ್ರೇನು, ನನ್ನ ಸಲುವಾಗಿ ಎಷ್ಟು ಜನ ಸೇರಿದ್ರು?" ಎಂದರು ಅಧ್ಯಕ್ಷರು, ಪೇಟ ಸರಿಮಾಡಿಕೊಳ್ಳುತ್ತ. "ಮುಂದಿನ ವರ್ಷ ಮೂರೂ ಸಂಜೆ ಸನ್ಮಾನ ಇಡ್ರಿ."

"ಇಡ್ತೇನಿ ಸರ್," ಎಂದ ಗುಮಾಸ್ತ. "ಮೂವರು ಹೆಣ್ಮಕ್ಕಳಿಗೆ ಸಿನಿಮಾ ತೆಗೀರಿ ಅಂತ ಹೇಳಿಯೂ ಆತು."