ಗಾಳಿ ಮೌಲಾಲಿಯ ಎರಡು ಪೈಪು

ಬಹಳ ಹಿಂದೆ, ಘಟ್ಟದ ಬುಡದ ಒಂದು ಊರಿನಲ್ಲಿ, ರಸ್ತೆ ಇನ್ನೂ ಡಾಂಬರು ಕಾಣದ ಕಾಲದಲ್ಲಿ, ಮೌಲಾಲಿ ಅಂತ ಒಬ್ಬ ಮೇಸ್ತ್ರಿ ಇದ್ದನಂತೆ. ಮೋಟಾರು ಗಾಡಿಯ ಹಿಂದಿನ ಅಚ್ಚಿನ ಮೇಲೆ ಎಡಕ್ಕೊಂದು ಬಲಕ್ಕೊಂದು ರಬ್ಬರಿನ ಚೀಲ ಕೂರಿಸಿ, ಪೈಪು ಎಳೆದು ಗಾಳಿ ತುಂಬುತ್ತಿದ್ದನಂತೆ. ಅವನು ಕೈ ಇಟ್ಟ ಗಾಡಿ ಎಷ್ಟು ಹೇರಿದರೂ ಹಿಂದೆ ಕುಸಿಯುತ್ತಿರಲಿಲ್ಲವಂತೆ. ತುಂಬು ಬಸುರಿಯೊಬ್ಬಳು ಅಂಥ ಗಾಡಿಯಲ್ಲಿ ಘಟ್ಟ ಇಳಿದು ಮುಗಿಯುವ ತನಕ ನಿದ್ದೆ ಹೊಡೆದಳಂತೆ. ಇದೆಲ್ಲ ಜನ ಹೇಳುವ ಮಾತು, ಬೇಕಾದರೆ ನಂಬಿ. ಆದರೆ ಕಾಳಪ್ಪನ ಹೊಟ್ಟೆಕಿಚ್ಚನ್ನು ಕಣ್ಣಾರೆ ಕಂಡವರಿದ್ದರು.

ಕಾಳಪ್ಪ ಅದೇ ಊರಿನ ಕಮ್ಮಾರ. ಗಾಡಿಗಳ ಭಾರ ಹೊರುವ ಕಬ್ಬಿಣದ ಕಮಾನು ಪಟ್ಟಿ ಬಡಿದು ಕೂರಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮೌಲಾಲಿ ಬಂದ ಮೇಲೆ ಅವನ ಕುಲುಮೆ ತಣ್ಣಗಾಯಿತು. ಡ್ರೈವರುಗಳು ಅವನ ಬಾಗಿಲ ಮುಂದೆಯೇ ಹಾದು ಹೋಗಿ ಮೌಲಾಲಿಯ ಬೇವಿನ ಮರದಡಿ ನಿಂತರು. “ಪುಗ್ಗಾ ಊದಾಂವೆಲ್ಲ ಮೇಸ್ತ್ರಿ ಆದ್ರ ಆತ್ ನೋಡು!” ಅಂತ ಕಾಳಪ್ಪ ಉಗಿದ. ಉಗಿದು ಮನೆಗೆ ಹೋದರೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಒಂದು ದಿನ ಅಳಿಯ ಶೇಖಪ್ಪನೂ ತನ್ನ ಬೆಲ್ಲದ ಗಾಡಿಗೆ ಗಾಳಿಚೀಲ ಬೇಕೆಂದ. ಅಳಿಯನ ಗಾಡಿಯೂ ಆ ಮರದಡಿ ನಿಂತರೆ ಕಾಳಪ್ಪ ಊರಲ್ಲಿ ತಲೆ ಎತ್ತುವುದು ಹೇಗೆ? ತಾನೇ ಹಾಕುತ್ತೇನೆಂದ. ಮೌಲಾಲಿ ಊಟಕ್ಕೆ ಹೋದಾಗ ಅಲ್ಲಿದ್ದ ಗಾಡಿಯೊಂದರ ಕೆಳಗೆ ತೂರಿ ನೋಡಿದ. ಎರಡು ಚೀಲಕ್ಕೆ ಬೇರೆ ಬೇರೆ ಪೈಪು, ಗಾಳಿ ತುಂಬುವ ಬಾಯಿಯೂ ಎರಡು. ಕಾಳಪ್ಪನಿಗೆ ನಗು ತಡೆಯಲಿಲ್ಲ. ಒಂದೇ ಪೈಪು ಎಳೆದು ನಡುವೆ ಕವಲು ಒಡೆಸಿದರೆ ಎರಡೂ ತುಂಬುತ್ತವೆ, ಇಷ್ಟು ತಿಳಿಯದವನು ಮೇಸ್ತ್ರಿಯೇ! ಹಾಗೆಯೇ ಮಾಡಿದ. ಊರೊಳಗಿನ ಸಪಾಟು ರಸ್ತೆಯಲ್ಲಿ ಗಾಡಿ ತೇಲಿಕೊಂಡು ಹೋಯಿತು. ಆ ಒಂದು ದಿನ ಕಾಳಪ್ಪ ಹೊಟ್ಟೆ ತುಂಬ ಉಂಡ.

ಮರುದಿನ ಘಟ್ಟದ ತಿರುವಿನಲ್ಲಿ ಬೆಲ್ಲದ ಭಾರವೆಲ್ಲ ಒಂದು ಬದಿಗೆ ಬಿತ್ತು. ಆ ಬದಿಯ ಚೀಲದ ಗಾಳಿ ಪೈಪಿನೊಳಗಿಂದ ಆಚೆ ಚೀಲಕ್ಕೆ ಓಡಿತು. ವಾಲಿದ ಗಾಡಿ ಇನ್ನೂ ವಾಲಿ ಅಂಚಿನ ತಡೆಗೋಡೆಗೆ ಒರಗಿ ನಿಂತಿತು. ಗೋಡೆ ಇಲ್ಲದಿದ್ದರೆ ಮಗಳ ಕುಂಕುಮ ಅವತ್ತೇ ಅಳಿಸುತ್ತಿತ್ತು.

ಊರೆಲ್ಲ ಓಡಿ ಬಂತು. ಮೌಲಾಲಿ ಗಾಡಿಯ ಕೆಳಗೆ ತೂರಿದ, ಕವಲು ಪೈಪು ನೋಡಿದ, ಹೊರಗೆ ಬಂದು ಕಾಳಪ್ಪನ ಮುಖ ನೋಡಿದ.

“ಕಲ್ಲು ಸಿಡದು ಪೈಪ್ ಹರದೈತ್ರೀ. ಕಾಳಪ್ಪಣ್ಣನ ಕೆಲಸ ಚಲೋನ ಐತಿ,” ಅಂದ. ಸದ್ದಿಲ್ಲದೆ ಎರಡು ಪೈಪು ಎಳೆದು ಕೊಟ್ಟ.

ಬೈದಿದ್ದರೆ ಕಾಳಪ್ಪನಿಗೆ ಬದುಕು ಸುಲಭವಾಗುತ್ತಿತ್ತು. ಈಗ ಮೌಲಾಲಿಯ ಕೆಲಸದ ಮೇಲಷ್ಟೇ ಅಲ್ಲ, ಒಳ್ಳೆಯತನದ ಮೇಲೂ ಕಿಚ್ಚು. ಮೌಲಾಲಿ ಸತ್ತರೂ ಅದು ಆರಲಿಲ್ಲ. ಜನ ಕಥೆ ಬೆಳೆಸುತ್ತ ಹೋದರು, ಬಾಯಿಂದಲೇ ಊದಿ ಲಾರಿ ಎತ್ತುತ್ತಿದ್ದನಂತೆ ಅಂದರು. ಕೊನೆಗೆ ತಡೆಯಲಾರದೆ ಕಾಳಪ್ಪ ಚಾವಡಿಯಲ್ಲಿ ನಿಂತು, ಅವತ್ತು ಯಾವ ಕಲ್ಲೂ ಸಿಡಿದಿರಲಿಲ್ಲ, ತಪ್ಪು ನನ್ನದೇ, ಅಂತ ಕೂಗಿ ಹೇಳಿದ. ಯಾರೂ ನಂಬಲಿಲ್ಲವಂತೆ. ಮೌಲಾಲಿಯ ಬಾಯಲ್ಲಿ ಸುಳ್ಳು ಬರುವುದುಂಟೇ ಅಂದರಂತೆ. ಇಂಥ ಕಾಳಪ್ಪನಿಗೂ ಮಾಡದ ತಪ್ಪು ಹೊರುವಷ್ಟು ದೊಡ್ಡ ಮನಸ್ಸು ಕೊಟ್ಟು ಹೋದನಲ್ಲ ಪುಣ್ಯಾತ್ಮ ಅಂತ ಕೈ ಮುಗಿದರಂತೆ.

ಇವತ್ತಿಗೂ ಆ ತಿರುವಿನಲ್ಲಿ ಡ್ರೈವರುಗಳು ಗಾಡಿ ನಿಲ್ಲಿಸಿ, ಮೌಲಾಲಿಯ ಹೆಸರು ಹೇಳಿ, ರಸ್ತೆಯ ಒಂದು ಕಲ್ಲು ಎತ್ತಿ ಬದಿಗೆ ಹಾಕುತ್ತಾರೆ, ಯಾರ ಪೈಪಿಗೂ ಸಿಡಿಯದಿರಲಿ ಅಂತ. ಕಾಳಪ್ಪನೂ ಬದುಕಿರುವ ತನಕ ಹಾಕಿದನಂತೆ, ಹಲ್ಲು ಕಚ್ಚಿಕೊಂಡು.