ಲಂಗೋಟಿಯಲ್ಲಿ ಬಂದ ನೆಂಟ

ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ. ಯಾವ ಊರು ಅಂತ ಕೇಳಬೇಡಿ, ಭಾನುವಾರ ಚರ್ಚಿನಲ್ಲಿ ಈ ಕತೆ ಹೇಳುವ ನಮ್ಮ ಉಪದೇಶಿಗಳಿಗೂ ಅದು ಗೊತ್ತಿಲ್ಲ. ಅವರು ಹೇಳುವ ಕತೆಗೂ, ನಮ್ಮಜ್ಜಿ ಒಲೆ ಮುಂದೆ ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದ ಕತೆಗೂ ಅರ್ಧ ದಾರಿವರೆಗೆ ಸ್ನೇಹ, ಆಮೇಲೆ ಜಗಳ. ನನಗೆ ಅಜ್ಜಿಯದೇ ರುಚಿ. ಕೇಳಿ.

ರಾಜನಿಗೆ ಒಬ್ಬನೇ ಮಗ. ಆ ಮಗನಿಗೆ ಮದುವೆ. ಹೋಳಿಗೆ ಬೆಂದವು, ಪಾಯಸ ಕುದಿಯಿತು, ಹಪ್ಪಳ ಕರಿದಾಯಿತು. ಕರೆಯುವ ಕೆಲಸ ಮಾತ್ರ ಕೆಟ್ಟಿತು. ಮದುವೆಗೆ ಕರೆಯಬೇಕಾದರೆ ಮನೆಯವರೇ ಅಕ್ಷತೆ ಹಿಡಿದು ಬಾಗಿಲಿಗೆ ಹೋಗಬೇಕು. ರಾಜ ಹೋಗಲಿಲ್ಲ, ಆಳುಗಳನ್ನು ಅಟ್ಟಿದನಂತೆ. "ಯಾಕೆ, ರಾಜನ ಕಾಲಿಗೆ ಮುಳ್ಳು ಚುಚ್ಚಿತ್ತಾ?" ಅಂದರು ದೊಡ್ಡ ದೊಡ್ಡ ನೆಂಟರು. ಒಬ್ಬ ಹೊಲ ನೋಡಬೇಕು ಅಂದ. ಒಬ್ಬ ಹೊಸ ಎತ್ತು ಹೂಡಬೇಕು ಅಂದ. ಇನ್ನೊಬ್ಬ, "ನನಗೇ ಹೋದ ವಾರ ಮದುವೆಯಾಗಿದೆ, ಮತ್ತೊಂದು ಮದುವೆ ನೋಡೋ ಧೈರ್ಯ ಇಲ್ಲ" ಅಂದನಂತೆ. ಒಬ್ಬರೂ ಬರಲಿಲ್ಲ.

ಬರದಿದ್ದರೆ ಹಾಳಾಗಿ ಹೋಗಲಿ. ಆ ನೆಂಟರು ಸಿಟ್ಟಿನಲ್ಲೇ ಮಡಿವಾಳರ ಹೊಂಬಯ್ಯನ ಮನೆಗೆ ಹೋಗಿ, ಒಗೆಯಲು ಕೊಟ್ಟಿದ್ದ ತಮ್ಮ ಬಟ್ಟೆಗಳನ್ನೆಲ್ಲ ಕಿತ್ತುಕೊಂಡು ಹೋದರು. ಹೊಂಬಯ್ಯ ತಲೆ ಮೇಲೆ ಕೈ ಹೊತ್ತು ಕೂತ. ಯಾಕೆ ಅಂದರೆ, ಗಂಡು-ಹೆಣ್ಣು ಹಸೆಗೆ ಬರುವಾಗ ಬರಿನೆಲ ತುಳಿಯಬಾರದು. ಮಡಿವಾಳ ಒಗೆದ ಬಟ್ಟೆ ಹಾಸಿ ನಡೆಸಬೇಕು. ಅದಕ್ಕೆ ನಡೆಮಡಿ ಅಂತಾರೆ.

ಉಳಿದ ಬಟ್ಟೆಯನ್ನೆಲ್ಲ ಹಾಸಿದ, ಹಸೆ ಇನ್ನೂ ನಾಲ್ಕು ಹೆಜ್ಜೆ ದೂರ. ಹಿಂದೆ ವಾಲಗ ಊದುತ್ತಿದೆ, ಮುಂದೆ ರಾಜ ಕಣ್ಣು ಕೆಂಪಗೆ ಮಾಡಿದ್ದಾನೆ. ಪಾಪ, ಹೊಂಬಯ್ಯ ಉಟ್ಟ ಪಂಚೆ ಬಿಚ್ಚಿ ಹಾಸಿದ, ಹೊದ್ದ ವಲ್ಲಿಯನ್ನೂ ಹಾಸಿದ. ರಾಜ, ಮಗ, ಸೊಸೆ ಮೂವರೂ ಅದನ್ನು ತುಳಿದುಕೊಂಡೇ ಹೋದರು. ನಡೆಮಡಿಯನ್ನು ಮದುವೆ ಮುಗಿಯುವ ತನಕ ಎತ್ತುವ ಹಾಗಿಲ್ಲ. ಹೊಂಬಯ್ಯನ ಮೈಮೇಲೆ ಉಳಿದದ್ದು ಒಂದು ಲಂಗೋಟಿ.

ಸರಿ, ಈಗ ಉಣ್ಣೋರು ಯಾರು? ನೆಂಟರು ಉಂಡು ಹರಸಿದ ಮೇಲೇ ಗಂಡು-ಹೆಣ್ಣು ಬಾಯಿಗೆ ತುತ್ತಿಡಬೇಕು. ಹರಕೆ ಇಲ್ಲದ ಮದುವೆ ಮದುವೆಯೇ ಅಲ್ಲ. ಸೊಸೆ ಬೇರೆ ಬೆಳಗಿನಿಂದ ಉಪವಾಸ. "ದಾರೀಲಿ ಸಿಕ್ಕೋರ್ನೆಲ್ಲ ಎಳ್ಕೊಂಡು ಬನ್ನಿ!" ಅಂದ ರಾಜ. ಕುಂಟರು ಬಂದರು, ಕುರುಡರು ಬಂದರು, ಬುಟ್ಟಿ ಹೆಣೆಯುವ ಸಣ್ಣೀರಮ್ಮ ಬಂದಳು, ಕರೆಯದೆ ಒಬ್ಬ ಕಳ್ಳನೂ ಬಂದ. ಹೊಂಬಯ್ಯನನ್ನೂ ರಟ್ಟೆ ಹಿಡಿದು ತಂದು ಎಲೆ ಮುಂದೆ ಕುಕ್ಕರಿಸಿದರು.

ಊಟ ಅರ್ಧ ಆಗಿತ್ತು. ರಾಜ ಪಂಕ್ತಿ ನೋಡಲು ಬಂದ.

"ಏ, ಮದುವೆ ಬಟ್ಟೆ ಇಲ್ಲದೆ ಒಳಗೆ ಹೆಂಗೆ ಬಂದೆಯೋ?"

ಹೊಂಬಯ್ಯ ಮಾತಾಡಲಿಲ್ಲ. ಇಲ್ಲಿ ನಮ್ಮ ಉಪದೇಶಿಗಳು ಬೆರಳೆತ್ತಿ, ಪಾಪಿಗೆ ಬಾಯಿ ಕಟ್ಟಿತು ಅಂತಾರೆ. ಪಾಪಿಯೂ ಇಲ್ಲ, ಗೀಪಿಯೂ ಇಲ್ಲ. ಬಾಯಿ ತುಂಬ ಹೋಳಿಗೆ ಇತ್ತು.

ಪಕ್ಕದ ಎಲೆಯ ಸಣ್ಣೀರಮ್ಮನೇ ಹೇಳಿದಳು: "ಅವನ ಪಂಚೆ ತುಳ್ಕೊಂಡೇ ಬಂದ್ಯಲ್ಲಪ್ಪಾ ನೀನು!"

ರಾಜನಿಗೆ ಕೇಳಲಿಲ್ಲ. ರಾಜರಿಗೆ ಬೇಡದ ಮಾತು ಕೇಳೋದಿಲ್ಲ. "ಕೈಕಾಲು ಕಟ್ಟಿ ಹೊರಗೆ ಕತ್ತಲಿಗೆ ಬಿಸಾಕಿ! ಅಲ್ಲಿ ಅಳ್ತಾ, ಹಲ್ಲು ಕಡೀತಾ ಬಿದ್ದಿರಲಿ!" ಅಂದ. ಆಳುಗಳು ಹಾಗೇ ಮಾಡಿದರು.

ಉಪದೇಶಿಗಳ ಕತೆ ಇಲ್ಲಿಗೆ ಮುಗಿದು ಕಾಣಿಕೆ ತಟ್ಟೆ ಹೊರಡುತ್ತದೆ. ಅಜ್ಜಿಯ ಕತೆ ಮುಗಿಯೋದಿಲ್ಲ.

ಸಣ್ಣೀರಮ್ಮ ಎಲೆ ಸಮೇತ ಎದ್ದು ನಿಂತಳಂತೆ. "ಪಂಕ್ತೀಲಿ ಒಬ್ಬನ್ನ ಎಬ್ಬಿಸಿದ್ರೆ ಎಲ್ಲಾರ್ನೂ ಎಬ್ಬಿಸಿದಂಗೆ" ಅಂದಳು. ಕುಂಟರು ಎದ್ದರು, ಕುರುಡರು ಎದ್ದರು. ಎಲೆ ಬಿಟ್ಟು ಎದ್ದರೆ ಅನ್ನಕ್ಕೆ ಅವಮಾನ ಅಂತ ಎಲೆಯನ್ನೂ ಎತ್ತಿಕೊಂಡರು. ಕಳ್ಳ ಒಂದು ಕುಕ್ಕೆ ಹಪ್ಪಳವನ್ನೂ, ಉಪ್ಪಿನಕಾಯಿ ಜಾಡಿಯನ್ನೂ ಎತ್ತಿಕೊಂಡ. ಹೊರಗೆ ಹೋಗಿ ಹೊಂಬಯ್ಯನ ಕಟ್ಟು ಬಿಚ್ಚಿ, ಕತ್ತಲಲ್ಲೇ ಸಾಲಾಗಿ ಕೂತರು.

ಚಪ್ಪರ ಖಾಲಿ. ಹೊರಗಿನಿಂದ ಕಟಕಟ ಅಂತ ಹಲ್ಲಿನ ಸದ್ದು ಬಂತು. "ನೋಡು, ಹೆಂಗೆ ಹಲ್ಲು ಕಡೀತಾನೆ!" ಅಂತ ರಾಜ ಹಿಗ್ಗಿದ. ಕಿವಿಗೊಟ್ಟು ಕೇಳಿದರೆ, ಹಪ್ಪಳ. ಸೊರಸೊರ ಅಳುವಿನ ಸದ್ದೂ ಬಂತು. ಉಪ್ಪಿನಕಾಯಿ ಬಲು ಖಾರವಾಗಿತ್ತಂತೆ.

ಸೊಸೆ ಹಸೆಯಿಂದ ಎದ್ದಳು. "ಮಾವಯ್ಯ, ಅವ್ರು ಹರಸದೆ ನಂಗೆ ಊಟ ಇಲ್ಲ. ನೀವು ಹೋಗಿ ಕರ್ಕೊಂಬತ್ತೀರೋ, ನಾನೇ ಅಲ್ಲಿಗೆ ಹೋಗ್ಲೋ?"

ಈಗ ರಾಜನಿಗೆ ಬಾಯಿ ಕಟ್ಟಿತು. ಅವನ ಬಾಯಲ್ಲಿ ಹೋಳಿಗೆಯೂ ಇರಲಿಲ್ಲ.

ಸೊಸೆ ಹೊರಗೆ ಹೋದಳು. ಹಿಂದೆ ಮಗ ಹೋದ, ಮಗನ ಹಿಂದೆ ವಾಲಗದವರು ಹೋದರು. ಬಡಿಸುವವರು ಹೋಳಿಗೆ ಹೊತ್ತುಕೊಂಡು ಹೋದರು. "ತೃಪ್ತಿಯಾಯ್ತು ಕಣವ್ವಾ, ನೂರು ವರ್ಷ ಬಾಳಿ" ಅಂತ ಎಲ್ಲರೂ ಹರಸಿದರು. ಸೊಸೆ ಅಲ್ಲೇ ಕೂತು, ನಾಚಿಕೆ ಬಿಟ್ಟು ಉಂಡಳು. ಮದುವೆ ಆದದ್ದು ಅಲ್ಲಿ.

ರಾಜ ಎಷ್ಟು ಹೊತ್ತು ಅಂತ ಹಸಿದುಕೊಂಡು ನಿಲ್ಲುತ್ತಾನೆ? ಕೊನೆಗೆ ಒಂದು ಎಲೆ ಹಿಡಿದು ಹೊರಗೆ ಬಂದನಂತೆ. ಪೀತಾಂಬರ ಹುಲ್ಲಿಗೆ ಸಿಕ್ಕುತ್ತಿದೆ, ಎಲ್ಲಿ ಕೂರಬೇಕು ಅಂತ ತಿಳಿಯುತ್ತಿಲ್ಲ. ಸಾಲಿನ ಕೊನೆಯಲ್ಲಿದ್ದ ಹೊಂಬಯ್ಯ ಸ್ವಲ್ಪ ಸರಿದು ಜಾಗ ಬಿಟ್ಟ.

"ಕೂತ್ಕೊಳ್ಳಿ ಬುದ್ಧಿ, ಹೆದರ್ಕೋಬೇಡಿ. ಈ ಕತ್ಲಲ್ಲಿ ಯಾರು ಏನು ಉಟ್ಟವ್ರೆ ಅಂತ ಯಾರೂ ಕೇಳಲ್ಲ."

ರಾಜ ಕೂತನಂತೆ, ಉಂಡನಂತೆ. ಅವರು ಅಲ್ಲಿ ಕೈ ತೊಳೆದರು, ನಾವಿಲ್ಲಿ ಒಲೆ ಆರಿಸೋಣ.