ದೊಡ್ಡ ತಲೆಯ ಕೂಸು

"ಗುರುಗಳೇ, ಚಿಂಪಾಂಜಿಗೂ ನಮಗೂ ವಂಶವಾಹಿಗಳಲ್ಲಿ ಇರುವ ವ್ಯತ್ಯಾಸ ಬಹಳ ಸಣ್ಣದಂತೆ. ಅಷ್ಟರಲ್ಲೇ ನಾವು ಮನುಷ್ಯರಾದೆವು. ಆ ಸಣ್ಣ ವ್ಯತ್ಯಾಸದಿಂದ ನಾವು ಗಳಿಸಿದ್ದು ಏನು?" ಎಂದು ಮರುಳಯ್ಯ ಕೇಳಿದ. ಅವನು ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಮಠಕ್ಕೆ ಬಂದ ಶಿಷ್ಯ. ಪ್ರಶ್ನೆಯಲ್ಲಿ ತುಸು ಹೆಮ್ಮೆಯೂ ಇತ್ತು.

"ದೊಡ್ಡ ತಲೆ ಗಳಿಸಿದೆವು, ಇನ್ನೇನು?" ಎಂದರು ಗುರುಗಳು. "ವಂಶವಾಹಿ ಅಲ್ಲಿಷ್ಟು ಇಲ್ಲಿಷ್ಟು ಬದಲಾಯಿತು, ಮಿದುಳು ಬೆಳೆಯಿತು. ನೆಟ್ಟಗೆ ನಡೆಯಲೆಂದು ಸೊಂಟದ ಮೂಳೆಯೂ ಬೇರೆಯಾಯಿತು. ಕೂಸು ಹೊರಬರುವ ದಾರಿ ಇಕ್ಕಟ್ಟಾಯಿತು. ಚಿಂಪಾಂಜಿ ಸಾಮಾನ್ಯವಾಗಿ ಮರೆಗೆ ಹೋಗಿ ಒಂಟಿಯಾಗಿ ಹೆತ್ತುಕೊಂಡು ಬರುತ್ತದೆ. ನಮ್ಮ ಹೆಂಗಸಿಗೆ ಇನ್ನೊಬ್ಬಳ ಕೈ ಬೇಕು. ಕೂತುಕೋ, ಕತೆ ಕೇಳು."

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಕೂಸಿನ ತಲೆ ಸಿಕ್ಕಿಕೊಂಡಿತು. ಮನೆಯ ಮುದುಕಿಯರೆಲ್ಲ ಕೈಚೆಲ್ಲಿ ಕೂತರು. ಆಗ ಊರಾಚೆಯ ಕೇರಿಯಿಂದ ಸೂಲಗಿತ್ತಿಯನ್ನು ಕರೆಸಿದರು. ಬೇರೆ ದಿನ ಅವಳಿಗೆ ಆ ಮನೆಯ ಅಂಗಳವೂ ಸಲ್ಲದು. ಅಂದು ಹಿಂಬಾಗಿಲಿನಿಂದ ಒಳಗೇ ಬಿಟ್ಟುಕೊಂಡರು. ಪ್ರಾಣ ಹೋಗುವಾಗ ಮಡಿ ಯಾರಿಗೆ ನೆನಪಿರುತ್ತದೆ!

ಸೂಲಗಿತ್ತಿ ಬಸುರಿಯ ಬೆನ್ನು ನೀವಿದಳು, ಬೈದಳು, ಮುದ್ದು ಮಾಡಿದಳು. ಕೊನೆಗೆ ಕೂಸಿನ ತಲೆಯನ್ನು ಮೆಲ್ಲಗೆ ಹೊರಳಿಸಿ ಹೊರಗೆ ತಂದಳು. ಗಂಡು ಮಗು. ಇಕ್ಕಟ್ಟಿನಲ್ಲಿ ಉದ್ದವಾಗಿದ್ದ ಆ ತಲೆಯನ್ನು ಅಂಗೈಯಲ್ಲಿ ತೀಡಿ ದುಂಡಗೆ ಮಾಡಿದಳು. ಅವಳು ಹೊಸ್ತಿಲು ದಾಟಿದ್ದೇ ತಡ, ಮನೆಯವರು ಅವಳು ಕೂತ ನೆಲ ತೊಳೆದರು. ಅವಳು ಮುಟ್ಟಿದ ಕೂಸನ್ನೂ ತೊಳೆದರು. ಅವಳಿಗೂ ಅದು ತಪ್ಪೆನಿಸಲಿಲ್ಲ, ಎಲ್ಲ ಮನೆಯಲ್ಲೂ ಹಾಗೇ ಮಾಡುತ್ತಿದ್ದರಲ್ಲ.

ಕೂಸು ಬೆಳೆದು ಊರಿಗೆ ದೊಡ್ಡವನಾದ. ಚೆನ್ನಾಗಿ ಓದಿದ್ದ, ಮಾತು ಬಲು ನಯ. ಊರಿಗೆಲ್ಲ ಇದ್ದದ್ದು ಅವನದೊಂದೇ ಕಾರು. ಒಂದು ದಿನ ಸೂಲಗಿತ್ತಿಯ ಮಗಳಿಗೇ ನೋವು ಬಂತು. ಅಲ್ಲೂ ತಲೆ ಸಿಕ್ಕಿಕೊಂಡಿತು. ಮುದುಕಿಯ ಬೆರಳುಗಳು ಆಗಲೇ ಸೊಟ್ಟಗಾಗಿದ್ದವು. ಊರನ್ನೆಲ್ಲ ಹೆರಿಸಿದ ಕೈ ಮಗಳ ಹೊತ್ತಿಗೆ ಬರಲಿಲ್ಲ. ಪೇಟೆಯ ಆಸ್ಪತ್ರೆಗೆ ಒಯ್ಯಬೇಕಿತ್ತು. ಅವಳು ಓಡಿಹೋಗಿ ಅವನ ಗೇಟಿನ ಮುಂದೆ ನಿಂತಳು.

"ಕಾರು ಕಳಿಸಪ್ಪಾ, ನನ್ನ ಮಗಳು ಸಾಯುತ್ತಾಳೆ."

"ಅಯ್ಯೋ ಅಜ್ಜಿ, ಬೇರೆ ಏನಾದರೂ ಕೇಳು. ನಾಳೆ ಅಮ್ಮ ಅದರಲ್ಲೇ ದೇವಸ್ಥಾನಕ್ಕೆ ಹೋಗಬೇಕು. ಹೆರಿಗೆಯ ಮೈಲಿಗೆ, ಅದೂ ನಿಮ್ಮ ಕೇರಿಯದು. ಹೇಗೆ ಕಳಿಸಲಿ, ನೀನೇ ಹೇಳು."

"ನಿನ್ನ ತಲೆ ಹಿಡಿದು ಹೊರಗೆ ತಂದವಳು ನಾನಪ್ಪಾ!"

"ಅದಕ್ಕೇ ಅಲ್ಲವೇ ಅಜ್ಜಿ, ಅಂದು ನನ್ನನ್ನು ತೊಳೆದದ್ದು?" ಎಂದ ಅವನು, ನಯವಾಗಿಯೇ.

ಕೇರಿಯವರು ಮಗಳನ್ನು ಮಂಚದ ಮೇಲೆ ಹೊತ್ತುಕೊಂಡು ಹೊರಟರು. ದಾರಿಯಲ್ಲೇ ಅವಳೂ ಹೋದಳು, ಹೊಟ್ಟೆಯ ಕೂಸೂ ಹೋಯಿತು. ಮುದುಕಿ ಆಮೇಲೆ ಯಾರ ಹೆರಿಗೆಗೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನ ಕಣ್ಣು ತುಂಬಿತ್ತು. "ಥೂ, ಅವನೂ ಒಬ್ಬ ಮನುಷ್ಯನೇ? ಮೃಗ, ಗುರುಗಳೇ, ಬರೀ ಮೃಗ!" ಎಂದ.

"ಮೃಗವನ್ನು ಯಾಕೆ ಬಯ್ಯುತ್ತೀಯೋ, ತನ್ನನ್ನು ಎತ್ತಿಕೊಂಡ ಕೈಯನ್ನೇ ಮೈಲಿಗೆ ಎನ್ನುವಷ್ಟು ದೊಡ್ಡ ತಲೆ ಅದಕ್ಕೆಲ್ಲಿದೆ?"